ಮುನ್ನೂರು ಕಾಯಿಯ ತೂಕ

ನಮ್ಮ ಯಜಮಾನರ ಬೆರಳಿಗೆ ಮುದ್ದೆ ಮುರಿಯಲು ಆಗದೆ ಹೋದ ಮೇಲೆ ನಾನೇ ಅದನ್ನು ಗೋಲಿಯಷ್ಟು ಗೋಲಿಯಷ್ಟು ಉಂಡೆ ಮಾಡಿ ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಚಮಚದ ಹಿಡಿಗೆ ಹಳೆಯ ಟವೆಲಿನ ಪಟ್ಟಿ ಸುತ್ತಿ, ದಾರ ಬಿಗಿದು, ದಪ್ಪ ಮಾಡಿದ್ದೆ. ಅಂಗಿಯ ಗುಂಡಿ ಕಿತ್ತು ಅಂಟುವ ಪಟ್ಟಿ ಹೊಲಿದಿದ್ದೆ. ಕುತ್ತಿಗೆಯ ಮೂಳೆ ಸಂದಿಯಲ್ಲಿ ನರ ಒತ್ತಿಕೊಂಡು ಆಪರೇಷನ್ ಆಗಿತ್ತು. ಇನ್ನು ಮುಂದೆ ಕೆಡುವುದಿಲ್ಲ, ಆದರೆ ಕೆಟ್ಟಿದ್ದು ಪೂರ್ತಿ ವಾಪಸ್ ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಎಡಗೈಯ ಹಿಡಿತ ಹೋಗಿತ್ತು. ಬಲಗೈಯಲ್ಲಿ ಅಂಗೈ ಮತ್ತು ಹೆಬ್ಬೆರಳು ಮಾತ್ರ ಹೇಳಿದ ಮಾತು ಕೇಳುತ್ತಿದ್ದವು. ಕಾಲು ನಡೆಯುತ್ತಿದ್ದವು, ಸಮ ನೆಲದಲ್ಲಾದರೆ.

ತೆಂಗಿನ ತೋಟದಲ್ಲಿ ಸಮ ನೆಲ ಎಲ್ಲಿಂದ ತರುವುದು? ಒಂದೊಂದು ಮರಕ್ಕೂ ಒಂದು ಪಾತಿ, ಪಾತಿಗೊಂದು ಕಾಲುವೆ, ಮಧ್ಯೆ ಬಿದ್ದ ಗರಿ, ಮಟ್ಟೆ, ನೀರಿನ ಪೈಪು. ನಮ್ಮದು ಎರಡು ತುಂಡಿನ ತೋಟ. ಮನೆಯ ಸುತ್ತ ಇರುವುದು ಮೇಲಿನದು, ಅರವತ್ತು ಮರ. ಅಲ್ಲಿಂದ ಬಂಡಿ ದಾರಿ ಇಳಿಜಾರಾಗಿ ಕೆರೆ ಕಡೆಗೆ ಹೋಗುತ್ತದೆ. ಅದರ ತುದಿಗೆ ಕೆಳಗಿನ ತೋಟ. ಅದೇ ದೊಡ್ಡದು, ಅದೇ ನಮ್ಮ ಬದುಕು.

ಆಪರೇಷನ್ ಆಗಿ ನಾಲ್ಕು ತಿಂಗಳಿಗೆ, ದೀಪಾವಳಿ ಆದ ವಾರ, ಅವರು ಯಾರಿಗೂ ಹೇಳದೆ ಕೆಳಗಿನ ತೋಟಕ್ಕೆ ಹೋದರು. ನಾನು ಡೈರಿಗೆ ಹಾಲು ಹಾಕಿ ಬಂದು, ಕೊಟ್ಟಿಗೆ ಬಳಿದು, ತಿಂಡಿ ಮಾಡಿ ಕರೆದರೆ ಜಗಲಿ ಮೇಲೆ ಮನುಷ್ಯ ಇಲ್ಲ. ಪಕ್ಕದ ಮನೆಗೆ ಹೋಗಿರಬಹುದು ಎಂದುಕೊಂಡು ಬಟ್ಟೆ ಬೇರೆ ಒಗೆದೆ. ಆ ಬಟ್ಟೆ ಒಗೆದದ್ದನ್ನು ಈಗಲೂ ನೆನೆಸಿಕೊಳ್ಳುತ್ತೇನೆ. ಕೊನೆಗೆ ಹುಡುಕಿಕೊಂಡು ಇಳಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗರಿಗೆ ಕಾಲು ಸಿಕ್ಕಿ ಪಾತಿಯೊಳಕ್ಕೆ ಬೋರಲು ಬಿದ್ದಿದ್ದರು. ಕೈ ಊರಿ ಏಳಲು ಕೈಯಿಲ್ಲ. ಮೋಟರು ಓಡುತ್ತಲೇ ಇತ್ತು, ನೀರು ಪಾತಿಯಿಂದ ಪಾತಿಗೆ ತುಂಬಿಕೊಂಡು ಬಂದು ಅವರಿದ್ದ ಪಾತಿಗೂ ನುಗ್ಗಿತ್ತು. ಮುಖವನ್ನು ಹೇಗೋ ಎಳೆದು ಏರಿಯ ಮೇಲೆ ಇಟ್ಟುಕೊಂಡಿದ್ದರು. ಕಿವಿಯ ತನಕ ಕೆಸರು. ನನ್ನನ್ನು ನೋಡಿ ಹೇಳಿದ ಮೊದಲ ಮಾತು, "ಮೋಟ್ರು ಆಫ್ ಮಾಡೋಗು."

ಅವತ್ತೇ ಸಂಜೆ ನನ್ನ ಮೈದುನ ಬಂದ. ಅವನ ತೋಟ ನಮ್ಮ ಕೆಳಗಿನ ತೋಟಕ್ಕೆ ಅಂಟಿಕೊಂಡೇ ಇದೆ, ಭಾಗವಾದಾಗ ಬದು ಮಾತ್ರ ಮಧ್ಯೆ ಬಂದದ್ದು. ಕೆಟ್ಟವನಲ್ಲ. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಬೆಂಚಿನ ಮೇಲೆ ಮಲಗಿ ಕಾದವನು. ಅವನು ಹೇಳಿದ್ದಿಷ್ಟು: ಇನ್ನು ಮೇಲೆ ನಿಮ್ಮ ತೋಟವನ್ನೂ ನಾನೇ ನೋಡಿಕೊಳ್ಳುತ್ತೇನೆ, ನೀರು ಗೊಬ್ಬರ ಕೀಳುವುದು ಎಲ್ಲ ನಂದು, ನಿಮ್ಮ ಭಾಗ ನಿಮ್ಮ ಮನೆಗೆ ತಂದು ಹಾಕುತ್ತೇನೆ, ಅಣ್ಣ ಜಗಲಿ ಬಿಟ್ಟು ಇಳಿಯುವುದು ಬೇಡ.

ಯಜಮಾನರು ಅವತ್ತಿನಿಂದ ಜಗಲಿ ಮೇಲೆ ಕೂತರು. ಹಾಗೆ ಕೂತವರನ್ನು ನೋಡುವುದು ಮಲಗಿದವರನ್ನು ನೋಡುವುದಕ್ಕಿಂತ ಕಷ್ಟ. ತೋಟದಲ್ಲಿ ಎಲ್ಲೋ ಒಂದು ಕಾಯಿ ತಾನಾಗಿ ಉದುರಿ ದೊಪ್ಪೆಂದರೆ ತಲೆ ಎತ್ತಿ, "ಬಾವಿ ಪಕ್ಕದ್ದು" ಅನ್ನುತ್ತಿದ್ದರು, ಇಲ್ಲವೆ "ಬದಿನ ಮೇಲಿನ ಗಿಡ್ಡಂದು." ನಾನು ಹೋಗಿ ನೋಡಿದರೆ ಅದೇ ಮರದ ಕೆಳಗೆ ಕಾಯಿ ಇರುತ್ತಿತ್ತು. ಬರಬರುತ್ತ ಅದನ್ನೂ ಹೇಳುವುದು ಬಿಟ್ಟರು. ಊಟ ಕಡಿಮೆಯಾಯಿತು. ಒಂದು ದಿನ ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಅವರು ಬಾವಿಯ ಕಟ್ಟೆ ಹತ್ತಿರ ನಿಂತಿದ್ದರು. ಸುಮ್ಮನೆ ನಿಂತಿದ್ದರೋ ಏನೋ ನನಗೆ ಗೊತ್ತಿಲ್ಲ. ನಾನು ಕೇಳಲೂ ಇಲ್ಲ. ಕೈ ಹಿಡಿದು ಕರೆದುಕೊಂಡು ಬಂದೆ. ಅವತ್ತಿನಿಂದ ಡೈರಿಗೆ ಹೋಗುವಾಗಲೂ ಪಕ್ಕದ ಮನೆಯವರನ್ನು ಕರೆದು ಜಗಲಿಯ ಮೇಲೆ ಕೂರಿಸಿ ಹೋಗತೊಡಗಿದೆ.

ಮಾಯಸಂದ್ರಕ್ಕೆ ಕೊಟ್ಟ ನನ್ನ ಮಗಳು ತೋಟದೊಳಗೆ ಓಡಿಸುವ ಒಂದು ಗಾಡಿಯನ್ನು ಫೋನಿನಲ್ಲಿ ತೋರಿಸಿದಳು. ನಾಲ್ಕು ದಪ್ಪ ಚಕ್ರ, ಬೈಕಿನ ಹಾಗೆ ಕಾಲು ಹಾಕಿ ಕೂರುವ ಸೀಟು, ಬೈಕಿನ ಹಾಗೆ ಹ್ಯಾಂಡಲು, ಮುಂದೆ ಹಿಂದೆ ಸಾಮಾನು ಕಟ್ಟಲು ಕಂಬಿ. ಕಾಫಿ ತೋಟದವರು ಇಟ್ಟುಕೊಂಡಿರುತ್ತಾರಂತೆ. ರೋಡಿಗೆ ಇಳಿಸುವ ಹಾಗಿಲ್ಲ, ಜಮೀನಿನೊಳಗೆ ಮಾತ್ರ. ಹಿಂದೆ ಸಣ್ಣ ಟ್ರೇಲರು ಸಿಕ್ಕಿಸಿ ಕಾಯಿ ತರಬಹುದು. ಗೇರು ಕ್ಲಚ್ಚಿನ ಗೋಜಿಲ್ಲ, ಬಲಗೈ ಹೆಬ್ಬೆರಳಿನಿಂದ ಒಂದು ಸಣ್ಣ ಪಟ್ಟಿ ಒತ್ತಿದರೆ ಮುಂದಕ್ಕೆ ಹೋಗುತ್ತದೆ. ಹೆಬ್ಬೆರಳು ಎಂದದ್ದೇ ನನ್ನ ಕಿವಿ ನೆಟ್ಟಗಾಯಿತು.

ಯಜಮಾನರು ಫೋನನ್ನು ಅಂಗೈ ಮೇಲೆ ಇಡಿಸಿಕೊಂಡು ಆ ವಿಡಿಯೋವನ್ನು ಎಷ್ಟು ಸಲ ನೋಡಿದರೋ. ಮಾರನೆಯ ದಿನ ಮೈದುನನನ್ನು ಕರೆಸಿದರು.

"ಒಂದ್ ಕೊಯ್ಲು ನೋಡಾನ ಕಣ್ಲಾ" ಎಂದರು. "ಉಗಾದಿ ಮುಂದೆ ಕೆಡವ್ತೀವಲ್ಲ, ಆ ಕಾಯಿನ ನಾನೇ ಮನೆಗೆ ತತ್ತೀನಿ. ತಂದ್ರೆ ತೋಟ ನಂದು. ಆಗ್ನಿಲ್ಲ ಅಂದ್ರೆ ನೀನೇ ಇಟ್ಕೊ, ಆಮೇಲೆ ನಾನು ಆ ಕಡೆ ಮಕನೂ ಹಾಕಲ್ಲ."

ಮೈದುನ ನನ್ನ ಮುಖ ನೋಡಿದ. ಅವನಿಗೂ ಆ ಬಾವಿಕಟ್ಟೆಯ ವಿಷಯ ಹೇಳಿದ್ದೆ. ಆಯಿತು ಅಂದ.

ಪವರ್ ಸ್ಟೇರಿಂಗ್ ಇರಲೇಬೇಕು ಎಂದು ಫಿಸಿಯೋಥೆರಪಿಯವರು ಎಚ್ಚರಿಕೆ ಹೇಳಿದ್ದರು. ಅದಿಲ್ಲದ ಗಾಡಿಯಲ್ಲಿ ಮುಂದಿನ ಚಕ್ರ ಬೇರಿಗೋ ಕಲ್ಲಿಗೋ ತಗುಲಿದರೆ ಹ್ಯಾಂಡಲು ಒದರುತ್ತದಂತೆ, ಆ ಒದರು ಕೈಯಿಂದ ಭುಜಕ್ಕೆ, ಭುಜದಿಂದ ಕುತ್ತಿಗೆಗೆ ಹೋಗುತ್ತದಂತೆ. ವಿಚಾರಿಸಿದಾಗ ಪವರ್ ಸ್ಟೇರಿಂಗ್ ಇದ್ದು, ಟ್ರೇಲರು ಎಳೆಯುವಂಥವು, ನಮ್ಮ ಕೈಗೆಟಕುವಂಥವು ಎರಡು ಸಿಕ್ಕವು. ಬೇರೆ ಬೇರೆ ಕಂಪನಿಯವು, ಬೆಲೆಯಲ್ಲಿ ಅಂಥ ವ್ಯತ್ಯಾಸವಿಲ್ಲ. ಎರಡರ ಚಿತ್ರದ ಹಾಳೆಯನ್ನೂ ಮಗಳು ಕಳಿಸಿದಳು. ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಗೆರೆ ಎಳೆದು, ಎಡಕ್ಕೊಂದು ಬಲಕ್ಕೊಂದು ಬರೆದುಕೊಂಡೆ. ನಾಲ್ಕು ಚಕ್ರಕ್ಕೂ ಎಳೆತ, ಎರಡಕ್ಕೂ ಇದೆ. ಸ್ಟೇರಿಂಗು, ಎರಡಕ್ಕೂ ಇದೆ. ಕಾಲಿನ ಬ್ರೇಕು, ಎರಡಕ್ಕೂ. ರಿಪೇರಿಗೆ ಹಾಸನದಿಂದಲೇ ಬರಬೇಕು, ಎರಡಕ್ಕೂ. ಇದೂ ಅದೂ ಒಂದೇ ಎನ್ನುವಂತಿದ್ದಾಗ ಆರಿಸುವವರಿಗೆ ತಲೆ ಕೆಡುತ್ತದೆ. ಅಷ್ಟು ಹೋಲುವ ಎರಡರಲ್ಲಿ ಒಂದು ಸರಿ, ಒಂದು ತಪ್ಪು ಎಂದು ಆಗ ಅನ್ನಿಸುವುದಿಲ್ಲ. ನಾನು ಅಡಿಗೆ ಮಾಡುವಾಗಲೂ ಆ ಹಾಳೆಗಳನ್ನು ಡಬ್ಬಿಗೆ ಒರಗಿಸಿಕೊಂಡು ನೋಡುತ್ತಿದ್ದೆ.

ಸಂಕ್ರಾಂತಿ ಆದ ಮೇಲೆ ಹಾಸನದ ಕಡೆಯ ಮಾರಾಟದವನು ಎರಡೂ ಗಾಡಿಗಳನ್ನು ಲಾರಿಯಲ್ಲಿ ಹಾಕಿಕೊಂಡು ಬಂದ. ನಲವತ್ತರ ಆಸುಪಾಸಿನವನು, ತಾಳ್ಮೆಯ ಮನುಷ್ಯ. ಯಜಮಾನರ ಕೈ ನೋಡಿ ಏನೂ ಕೇಳದೆ ಹ್ಯಾಂಡಲಿನ ಎತ್ತರ ತಗ್ಗಿಸಿಕೊಟ್ಟ.

ಒಂದು ಅಗಲ, ಎತ್ತರ, ನೋಡುವುದಕ್ಕೇ ಗಟ್ಟಿ. ಇನ್ನೊಂದು ಸ್ವಲ್ಪ ಸಣ್ಣ ಮೈಯದು. ಅಗಲದ್ದಕ್ಕೆ ಹತ್ತಿಸುವಾಗ ಮಾರಾಟದವನು ಹೆಗಲು ಕೊಟ್ಟ, ನಾನು ಬಲಗಾಲನ್ನು ಎರಡೂ ಕೈಯಿಂದ ಎತ್ತಿ ಆ ಕಡೆ ದಾಟಿಸಿದೆ. ಬೇಲಿಯ ಹೊರಗೆ ಊರಿನ ನಾಲ್ಕು ಜನ ನಿಂತಿದ್ದರು. ಅವರ ಮುಂದೆ ಹೆಂಡತಿ ಕಾಲು ಎತ್ತಿ ಹಾಕಿದ್ದು ಯಜಮಾನರ ಕಿವಿಯನ್ನು ಕೆಂಪಗೆ ಮಾಡಿತು. ಆದರೆ ಗಾಡಿ ಹೊರಟಿತು. ಹೆಬ್ಬೆರಳು ಒತ್ತಿದರು, ಅಂಗೈಯಿಂದ ತಳ್ಳಿದರು, ಆ ದಪ್ಪ ಚಕ್ರಗಳು ಎಮ್ಮೆ ತಿರುಗಿದ ಹಾಗೆ ನಿಧಾನಕ್ಕೆ ತಿರುಗಿದವು. ಪಾತಿಯ ಏರಿ ಹತ್ತಿ ಇಳಿಯಿತು. ಅವರ ಕೈ ಅಲುಗಲಿಲ್ಲ. ತೋಟ ಒಂದು ಸುತ್ತು ಹಾಕಿ ಬಂದು, "ಕಲ್ಲು ಹತ್ತಿದ್ರೂ ಕೈಗೆ ಸುದ್ದಿನೇ ಬರಲ್ಲ ಕಣೇ" ಎಂದು ನಕ್ಕರು. ಎಂಟು ತಿಂಗಳಾಗಿತ್ತು ನಾನು ಆ ಹಲ್ಲು ನೋಡಿ.

ಸಣ್ಣದಕ್ಕೆ ಅವರು ತಾವೇ ಹತ್ತಿದರು. ಸೀಟು ತಗ್ಗಿನಲ್ಲಿತ್ತು. ಎಡಮೊಣಕೈಯನ್ನು ಹಿಂದಿನ ಕಂಬಿಗೆ ಊರಿ, ಪಕ್ಕದ ಮೆಟ್ಟಿಲ ಮೇಲೆ ಕಾಲಿಟ್ಟು, ಒಂದು ಸಲ ತಪ್ಪಿ, ಎರಡನೇ ಸಲ ಹತ್ತಿ ಕೂತರು. ಹೆಬ್ಬೆರಳಿನ ಪಟ್ಟಿಯೂ ಅದರಲ್ಲಿ ಹಗುರ. ನಾನು ಚಾಚಿದ ಕೈ ಹಾಗೇ ಇತ್ತು, ಅದರ ಅಗತ್ಯ ಬೀಳಲಿಲ್ಲ.

ಇನ್ನು ಕಾಯಿ ಎಳೆಸಿ ನೋಡಬೇಕು. ಒಂದು ಸಲಕ್ಕೆ ಎಷ್ಟು ಭಾರ ಹಾಕುತ್ತೀರಿ ಎಂದು ಮಾರಾಟದವನು ಕೇಳಿದ. ಮುನ್ನೂರು ಕಾಯಿ ಅಂದೆ. ಕೆಜಿಯಲ್ಲಿ ಹೇಳಿ ಅಮ್ಮ ಅಂದ.

"ನಮ್ ಕಡೆ ಕಾಯಿ ತೂಕ ಹಾಕಲ್ಲ ಕಣಪ್ಪ, ಎಣಿಸ್ತೀವಿ" ಎಂದ ಮೈದುನ. ಬೇಲಿ ಹತ್ತಿರದವರೂ ನಕ್ಕರು. ನಿಜ, ನಮ್ಮಲ್ಲಿ ಕೊಬ್ಬರಿಯಾದ ಮೇಲೆ ತಕ್ಕಡಿ ಬರುವುದು. ಅಲ್ಲಿಯ ತನಕ ಎಲ್ಲ ಎಣಿಕೆಯೇ. ಕೆಡವುವವನಿಗೆ ಎಣಿಕೆ, ಸಾಗಿಸುವವನಿಗೆ ಎಣಿಕೆ, ಮದುವೆ ಮನೆಗೆ ಕೊಡುವುದೂ ಎಣಿಕೆ. ನೂರು ಅಂದರೆ ನೂರು. ಅವನು ಪಾಪ ಮತ್ತೊಮ್ಮೆ ಹೇಳಿದ, ಸಣ್ಣದಕ್ಕೆ ಎಳೆಯುವ ಶಕ್ತಿ ಕಡಿಮೆ ಅಮ್ಮ, ಅದಕ್ಕೇ ಕೇಳಿದೆ ಎಂದು. ಅದಕ್ಕೇನಂತೆ, ಕಾಯಿಯೇ ಹಾಕಿ ನೋಡಿಬಿಡೋಣ ಎಂದೆ ನಾನು.

ಅಟ್ಟದಿಂದ ಕಾಯಿ ಇಳಿಸಿದ್ದು ನನ್ನ ಮಾತಿನ ಮೇಲೆ. ಸಿಪ್ಪೆ ಸಮೇತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಡುತ್ತೇವೆ. ಒಳಗಿನ ನೀರೆಲ್ಲ ಆರಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಲೊಡಲೊಡ ಅನ್ನುವ ತನಕ. ನಮ್ಮ ಅಟ್ಟದ ಹಿಂಗೋಡೆಯ ಕಡೆ ಸಂಕ್ರಾಂತಿ ಮುಂದೆ ಮೈದುನ ತಂದು ಹಾಕಿದ ಹೊಸ ಕಾಯಿ ಇತ್ತು. ಮೆಟ್ಟಿಲ ಬಾಯಿಯಲ್ಲಿ ಹಳೆಯ ರಾಶಿ, ಹತ್ತು ತಿಂಗಳದ್ದು. ಹತ್ತಿರದ್ದನ್ನೇ ಇಳಿಸಿ ಎಂದೆ. ಇಳಿಸಿದರು. ಮುನ್ನೂರು ಎಣಿಸಿ ಟ್ರೇಲರಿಗೆ ತುಂಬಿದರು. ಕೆಳಗಿನ ತೋಟದ ತನಕ ಇಳಿದು, ಅದೇ ಏರು ಹತ್ತಿ ಬಂದವು. ಅಗಲದ್ದೂ ಬಂತು. ಸಣ್ಣದೂ ಬಂತು. ಏನೂ ವ್ಯತ್ಯಾಸ ಕಾಣಲಿಲ್ಲ.

ಮಾರಾಟದವನು ಟೀ ಕುಡಿಯುತ್ತಿರುವಾಗ ಯಜಮಾನರು ನನ್ನನ್ನು ಕೊಟ್ಟಿಗೆಯ ಕಡೆಗೆ ಕರೆದರು. ಅವರಿಗೆ ಅಗಲದ್ದರ ಮೇಲೇ ಮನಸ್ಸು. ಎಳೆಯುವುದಕ್ಕೆ ಗಟ್ಟಿ, ನಾಳೆ ಗೊಬ್ಬರ ಹೊರಬೇಕು ಅಂದರೂ ಆಗುತ್ತದೆ ಎಂದರು.

"ಎಲ್ಡೂ ಮುನ್ನೂರು ಎಳುದ್ವಲ್ರೀ" ಅಂದೆ. "ಇದುಕ್ಕೆ ನೀವೇ ಹತ್ತುತೀರ. ಅದುಕ್ಕೆ ದಿನಾ ನಾನು ಬಂದು ಕಾಲೆತ್ತಬೇಕು. ನಾನು ಇಲ್ದೇ ಇದ್ರೆ ತೋಟದಾಗೆ ಇಳಿದ್ಬುಟ್ಟು ಮತ್ತೆ ಹೆಂಗೆ ಹತ್ತೀರ?"

ಅವರು ಹಸುವಿನ ಬೆನ್ನನ್ನು ಅಂಗೈಯಿಂದ ಸವರಿದರು. "ಸರಿ, ನೀನ್ ಹೇಳ್ದಂಗೆ" ಎಂದರು. ಅವರು ಹಾಗೆ ಸುಲಭಕ್ಕೆ ಒಪ್ಪುವವರಲ್ಲ. ತಾವೇ ಹತ್ತಿದ್ದು ಅವರಿಗೂ ರುಚಿಸಿತ್ತು ಎಂದು ಕಾಣುತ್ತದೆ.

ಆಮೇಲಿನ ಎರಡು ತಿಂಗಳು ಚೆನ್ನಾಗಿದ್ದವು. ಬೆಳಿಗ್ಗೆ ಕಾಫಿ ಕುಡಿದು ತಾವೇ ಹತ್ತಿ, ಮೇಲಿನ ತೋಟ ಸುತ್ತಿ, ಕೆಳಗಿನ ತೋಟಕ್ಕೆ ಇಳಿದು, ಯಾವ ಪಾತಿಗೆ ನೀರು ಹೋಗಿದೆ ಯಾವುದಕ್ಕೆ ಇಲ್ಲ ನೋಡಿಕೊಂಡು ಬಂದು ನನಗೆ ಹೇಳುತ್ತಿದ್ದರು. ಊಟ ಸೇರತೊಡಗಿತು. ಪಕ್ಕದ ಮನೆಯವರನ್ನು ಕರೆದು ಕೂರಿಸುವುದನ್ನು ಬಿಟ್ಟೆ.

ಉಗಾದಿಗೆ ಹನ್ನೆರಡು ದಿನ ಇದೆ ಎನ್ನುವಾಗ ಕಾಯಿ ಕೆಡವಿಸಿದೆವು. ಕೆಡವುವವನು ತುದಿಗೆ ಕುಡುಗೋಲು ಕಟ್ಟಿದ ಉದ್ದದ ದೋಟಿ ಹಿಡಿದು, ಕತ್ತು ಮೇಲಕ್ಕೆ ಮಾಡಿಕೊಂಡು, ಮಧ್ಯಾಹ್ನದ ಹೊತ್ತಿಗೆಲ್ಲ ಕೆಳಗಿನ ತೋಟ ಮುಗಿಸಿದ. ಆಯ್ದು ರಾಶಿ ಹಾಕಿ ಎಣಿಸಿದರೆ ನಾಲ್ಕು ಸಾವಿರದ ಚಿಲ್ಲರೆ. ಹದಿಮೂರೋ ಹದಿನಾಲ್ಕೋ ಸಲ ಎಂದು ನಾನು ಆಗಲೇ ಲೆಕ್ಕ ಹಾಕಿದ್ದೆ. ಒಂದೂವರೆ ದಿನದ ಕೆಲಸ. ಮೈದುನ ಬದುವಿನ ಮೇಲೆ ಕುಕ್ಕುರುಗಾಲಲ್ಲಿ ಕೂತು ನೋಡುತ್ತಿದ್ದ. ತುಂಬುವುದಕ್ಕೆ ಕೆಡವುವವನ ಕಡೆಯ ಇಬ್ಬರು ಹೆಂಗಸರು, ನಾನೂ ಸೇರಿ ಮೂವರು.

ಮುನ್ನೂರು ತುಂಬಿದೆವು. ಯಜಮಾನರು ಹೆಬ್ಬೆರಳು ಒತ್ತಿದರು. ಸಮದಲ್ಲಿ ಹೊರಟಿತು. ಏರು ಶುರುವಾಗುವ ಕಡೆ ಇಂಜಿನ್ನಿನ ದನಿ ದಪ್ಪವಾಯಿತು. ಅರ್ಧ ಏರಿನಲ್ಲಿ ಗಾಡಿ ಮುಂದೆ ಹೋಗುವುದನ್ನು ನಿಲ್ಲಿಸಿತು. ಚಕ್ರಗಳು ಮಾತ್ರ ತಿರುಗುತ್ತಿದ್ದವು, ಮಣ್ಣು ಹಿಂದಕ್ಕೆ ಹಾರಿ ಟ್ರೇಲರಿನ ಹಲಗೆಗೆ ಬಡಿಯುತ್ತಿತ್ತು, ರಬ್ಬರು ಸುಟ್ಟ ವಾಸನೆ. ಆಮೇಲೆ ಟ್ರೇಲರು ಹಿಂದಕ್ಕೆ ಎಳೆಯತೊಡಗಿತು. ಗಾಡಿ ಇಷ್ಟಿಷ್ಟೇ ಹಿಂದೆ ಜಾರುತ್ತ ಬಂತು. ಅವರು ಬ್ರೇಕನ್ನು ಕಾಲಿಂದ ಅದುಮಿ ಹಿಡಿದಿದ್ದರು, ಆದರೂ ನಾಲ್ಕು ಚಕ್ರವೂ ತಡೆ ಹಿಡಿದೇ ಜಾರುತ್ತಿದ್ದವು. ಟ್ರೇಲರು ಅಡ್ಡಕ್ಕೆ ತಿರುಗಿ, ಒಂದು ಚಕ್ರ ಕಾಲುವೆಗೆ ಇಳಿದು, ವಾಲಿ ನಿಂತಿತು. ಕಾಯಿಗಳು ಇಳಿಜಾರಿನಲ್ಲಿ ಉರುಳುತ್ತ ನಮ್ಮ ಕಾಲ ಬಳಿಗೆ ಬಂದವು.

ಓಡಿ ಹೋದೆವು. ಅವರಿಗೆ ಏನೂ ಆಗಿರಲಿಲ್ಲ. ಎರಡೂ ಅಂಗೈಯನ್ನು ಹ್ಯಾಂಡಲಿನ ಮೇಲೆ ಇಟ್ಟುಕೊಂಡು ಮುಂದೆ ನೋಡುತ್ತ ಕೂತಿದ್ದರು.

"ಸಾಕು ಬುಡಣ್ಣ" ಎಂದ ಮೈದುನ, ಮೆಲ್ಲಗೆ.

ನಾನು ಬಗ್ಗಿ ಕಾಲಿಗೆ ತಗುಲಿದ ಒಂದು ಕಾಯಿಯನ್ನು ಎತ್ತಿಕೊಂಡೆ. ಎತ್ತಿದ್ದೇ ತಡ, ಕೈಗೆ ಗೊತ್ತಾಯಿತು. ಬೆಳಗಿನಿಂದ ಆಯ್ದು ತುಂಬಿದ ಕಾಯಿಗಳನ್ನೂ ಇದೇ ಕೈಯಲ್ಲಿ ಎತ್ತಿದ್ದೆ, ಆಗ ಹೊಳೆಯಲಿಲ್ಲ. ಹಸೀ ಕಾಯಿ. ಸಿಪ್ಪೆ ತುಂಬ ನೀರು, ಹೊಟ್ಟೆ ತುಂಬ ನೀರು. ಅಟ್ಟದ ಕಾಯಿ ಇದರ ಅರ್ಧವೂ ತೂಗುವುದಿಲ್ಲ. ತಿಂಗಳಿಗೊಂದು ಸಲ ಅಟ್ಟ ಹತ್ತಿ ರಾಶಿ ತಿರುವಿ ಹಾಕುವವಳು ನಾನು. ಒಂದೊಂದು ತಿಂಗಳೂ ಕಾಯಿ ಹೇಗೆ ಹಗುರವಾಗುತ್ತ ಹೋಗುತ್ತದೆ ಎನ್ನುವುದು ನನ್ನ ಮೊಣಕೈಗೆ ಗೊತ್ತು, ಸೊಂಟಕ್ಕೆ ಗೊತ್ತು. ಇಪ್ಪತ್ತೇಳು ವರ್ಷದಿಂದ ಗೊತ್ತು. ಗೊತ್ತಿದ್ದೂ ಅವತ್ತು ಮುನ್ನೂರು ಅಂದರೆ ಮುನ್ನೂರು ಎಂದು ನಿಂತಿದ್ದೆ. ತೂಕ ಕೇಳಿದವನ ಮಾತಿಗೆ ನಕ್ಕವರಲ್ಲಿ ನಾನೂ ಒಬ್ಬಳು.

ಗಾಡಿಯ ಹತ್ತಿರ ಹೋಗಿ ಹೇಳಿದೆ. "ಅವತ್ತು ಹಾಕಿದ್ದು ಅಟ್ಟದ ಹಳೇ ಕಾಯಿ ಕಣ್ರೀ. ಮೆಟ್ಲತ್ರದ್ದು. ನಾನೇ ಇಳಿಸ್ರಿ ಅಂದಿದ್ದು."

ಅವರು ನನ್ನ ಕಡೆ ತಿರುಗಲಿಲ್ಲ. ತಿರುಗಿ ಬಯ್ದಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು. ಮೈದುನನೇ ಅಂದ, "ನಾನೂ ಅಲ್ಲೇ ನಿಂತಿದ್ನಲ್ಲ ಅತ್ಗೆ. ನಂಗೂ ಹೊಳೀನಿಲ್ಲ." ಕೆಡವುವವನು ದೋಟಿಗೆ ಒರಗಿಕೊಂಡು ಆಕಾಶ ನೋಡುತ್ತಿದ್ದ. ಬೇಲಿ ಹತ್ತಿರ ಅವತ್ತು ಅವನೂ ಇದ್ದ. ಹುಟ್ಟಿದಾಗಿನಿಂದ ಕಾಯಿ ಹೊತ್ತ ಅಷ್ಟೂ ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ. ಅವರು ಯಾರೂ ಕೊಟ್ಟಿಗೆಯ ಹತ್ತಿರ ನಿಂತು ಗಂಡನ ಮನಸ್ಸು ತಿರುಗಿಸಿರಲಿಲ್ಲ.

ಯಜಮಾನರು ಕೊನೆಗೆ, "ಕಮ್ಮಿ ತುಂಬಿ" ಎಂದರು.

ನೂರೈವತ್ತು ತುಂಬಿ ನೋಡಿದೆವು, ಏರಿನಲ್ಲಿ ಜಾರಿತು. ನೂರಿಪ್ಪತ್ತಕ್ಕೆ ಹತ್ತಿತು. ಮನಸ್ಸಿನಲ್ಲಿ ಲೆಕ್ಕ ಹಾಕಿದೆ, ಮೂವತ್ತು ಮೂವತ್ತೈದು ಸಲ ಆಗಬೇಕು. ಒಪ್ಪಂದದಲ್ಲಿ ಇಷ್ಟೇ ಸಲ ಎಂದು ಮಾತಾಗಿರಲಿಲ್ಲ, ಎಷ್ಟು ದಿನ ಎಂದೂ ಆಗಿರಲಿಲ್ಲ. ನಾನು ಮೈದುನನಿಗೆ ಅದನ್ನೇ ಹೇಳಿದೆ. ಎಷ್ಟು ದಿನ ಬೇಕಾದರೂ ಆಗಲಿ ಅತ್ತಿಗೆ, ನಾನೇನು ಗಡಿಯಾರ ಹಿಡಿದುಕೊಂಡು ಕೂತಿದೀನಾ ಎಂದ. ನಿಜಕ್ಕೂ ಎದ್ದು ಹೋದ. ನೋಡುವವರು ಇಲ್ಲದಿದ್ದರೆ ಅಣ್ಣನಿಗೆ ಹಗುರವಾಗಲಿ ಎಂದು ಹೋದದ್ದು.

ಅವತ್ತು ಕತ್ತಲಾಗುವ ಮುಂಚೆ ಒಂಬತ್ತು ಸಲ ತಂದರು. ಮನೆಯ ಮುಂದೆ ಇಳಿಸುವಾಗ ಒಂದು ಸಲವೂ ಗಾಡಿಯಿಂದ ಇಳಿಯಲಿಲ್ಲ. ಇಳಿದರೆ ಮತ್ತೆ ಹತ್ತುವ ಶಕ್ತಿ ಉಳಿಸಿಕೊಳ್ಳಬೇಕಲ್ಲ. ಅಲ್ಲೇ ಕೂತವರಿಗೆ ನೀರು ಕುಡಿಸಿದೆ, ಅಲ್ಲೇ ಮುದ್ದೆ ತಿನ್ನಿಸಿದೆ. ರಾತ್ರಿ ಕುತ್ತಿಗೆಗೆ ಪಟ್ಟಿ ಹಾಕಿ ಮಲಗಿಸಿದೆ. ಕೈ ಕುಲುಕಿಲ್ಲ, ಸ್ಟೇರಿಂಗು ತನ್ನ ಕೆಲಸ ಮಾಡಿದೆ ಎಂದರು. ಆದರೆ ಸೀಟಿನಿಂದ ಮೇಲೆ ಹತ್ತಿದ ಕುಲುಕಾಟಕ್ಕೆ ಯಾವ ಸ್ಟೇರಿಂಗು ಏನು ಮಾಡುತ್ತದೆ? ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಬೇಡ ಎಂದು ಫಿಸಿಯೋಥೆರಪಿಯವರು ಹೇಳಿದ್ದರು.

ಎರಡನೇ ದಿನ ಐದು ಸಲ. ಆರನೆಯದಕ್ಕೆ ಹೋದವರು ರಾಶಿಯ ಹತ್ತಿರ ಗಾಡಿ ನಿಲ್ಲಿಸಿ, ನಾವು ತುಂಬಿ ಮುಗಿಸಿದ ಮೇಲೂ ಹೊರಡಲಿಲ್ಲ. ಏನಾಯಿತೆಂದು ಹತ್ತಿರ ಹೋದೆ. ಬಲಗೈಯ ಹೆಬ್ಬೆರಳು ಪಟ್ಟಿಯ ಮೇಲೇ ಇತ್ತು. ಅದನ್ನೇ ನೋಡುತ್ತಿದ್ದರು. "ಒತ್ತಕಾಗ್ತಿಲ್ಲ" ಎಂದರು. ನಾನು ನನ್ನ ಕೈಯನ್ನು ಅದರ ಮೇಲಿಟ್ಟೆ, ಒತ್ತಲೇ ಎಂದು. ಬೇಡ ಎಂದು ತಲೆ ಅಲ್ಲಾಡಿಸಲು ಹೋದರು, ಕುತ್ತಿಗೆ ತಿರುಗಲಿಲ್ಲ. ಕಣ್ಣಲ್ಲೇ ಹೇಳಿದರು.

ನಾನು ಆ ಇಬ್ಬರು ಹೆಂಗಸರನ್ನು ಮನೆಗೆ ಕಳಿಸಿ, ರಾಶಿಯ ಮೇಲೆ ಕೂತೆ. ಅವರು ಗಾಡಿಯ ಮೇಲೆ, ನಾನು ಕಾಯಿಯ ಮೇಲೆ. ಅರ್ಧಕ್ಕಿಂತ ಹೆಚ್ಚು ಅಲ್ಲೇ ಉಳಿದಿತ್ತು. ಮೂರು ದಿನ ಬಿಟ್ಟು ತರೋಣ, ವಾರ ಬಿಟ್ಟು ತರೋಣ, ಕಾಯಿ ಏನು ಕೊಳೆಯುತ್ತದಾ ಎಂದೆಲ್ಲ ಹೇಳಿದೆ. ಅಗಲದ್ದನ್ನೇ ತರಿಸೋಣ, ಇದನ್ನು ವಾಪಸ್ ಕೊಡೋಣ, ದಿನಾ ನಾನು ಬಂದು ಕಾಲೆತ್ತುತ್ತೇನೆ, ಊರವರು ನೋಡಿದರೆ ನೋಡಲಿ ಎಂದೆ. ಹೇಳುತ್ತ ಹೇಳುತ್ತ ನನಗೇ ಗೊತ್ತಾಗುತ್ತಿತ್ತು, ಅಗಲದ್ದರ ಹೆಬ್ಬೆರಳಿನ ಪಟ್ಟಿ ಇದಕ್ಕಿಂತ ಗಡುಸು. ಆದರೆ ಅದು ಮುನ್ನೂರು ಹಸೀ ಕಾಯಿ ಎಳೆದಿದ್ದರೆ ಹದಿನಾಲ್ಕೇ ಸಲ. ಹದಿನಾಲ್ಕು ಸಲಕ್ಕೆ ಆ ಬೆರಳು ತಡೆಯುತ್ತಿತ್ತೋ ಏನೋ. ಇವತ್ತಿಗೂ ಆ ಲೆಕ್ಕ ನನಗೆ ಬಗೆಹರಿದಿಲ್ಲ. ತೊಗರಿ ಬೇಳೆ ಆರಿಸುತ್ತಿದ್ದರೂ ಅದೇ ಲೆಕ್ಕ, ಹಾಲು ಕರೆಯುತ್ತಿದ್ದರೂ ಅದೇ.

ಅವರು ಎಲ್ಲ ಕೇಳಿ, "ತಮ್ಮುನ್ನ ಕರಿ" ಎಂದರು.

ಮೈದುನ ಟ್ರ್ಯಾಕ್ಟರು ತಂದ. ಉಳಿದದ್ದೆಲ್ಲ ಒಂದೇ ಹೊತ್ತಿನಲ್ಲಿ ನಮ್ಮ ಮನೆ ಮುಂದೆ ಬಂದು ಬಿತ್ತು. ಕೈ ತೊಳೆದು ಜಗಲಿ ಮೇಲೆ ಕೂತವನಿಗೆ ಯಜಮಾನರು ಹೇಳಿದರು, ಮಾತು ಅಂದರೆ ಮಾತು, ಎರಡೂ ತೋಟ ನೀನೇ ನೋಡಿಕೋ ಎಂದು. ಅವನು ಕಾಫಿ ಲೋಟ ಕೆಳಗಿಟ್ಟ.

"ಮೇಲ್ಗಡೆದು ನಂಗ್ಯಾಕಣ್ಣ" ಎಂದ. "ಅಲ್ಲಿ ಏರಿಲ್ಲ, ನಿನ್ನ ಗಾಡಿ ಓಡಾಡ್ತದೆ. ಕೆಳಗಿಂದು ಮಾತ್ರ ನಾನು ನೋಡ್ಕತೀನಿ."

ದೊಡ್ಡ ಮನಸ್ಸಿನಿಂದ ಕೊಟ್ಟದ್ದು. ಯಜಮಾನರು ಅದನ್ನು ತೆಗೆದುಕೊಂಡ ರೀತಿ ನೋಡಿ ನಾನು ಒಳಕ್ಕೆ ಹೋದೆ. ತಮ್ಮನ ಕೈಯಿಂದ ತಮ್ಮದೇ ಅರವತ್ತು ಮರ ಇಸಿದುಕೊಂಡವರ ಮುಖ ಅದು.

ಈಗ ಅವರು ಬೆಳಿಗ್ಗೆ ಗಾಡಿ ಹತ್ತಿ ಮೇಲಿನ ತೋಟ ಸುತ್ತುತ್ತಾರೆ. ಇಳಿಜಾರಿನ ಬಾಯಿಯ ತನಕ ಹೋಗಿ ಅಲ್ಲಿಂದ ತಿರುಗಿಸುತ್ತಾರೆ. ಆಡಿದ ಮಾತಿನಂತೆ ಕೆಳಕ್ಕೆ ಒಂದು ದಿನವೂ ಇಳಿದಿಲ್ಲ. ಕಾಯಿ ಉದುರಿದ ಸದ್ದು ಕೆಳಗಿನ ಕಡೆಯಿಂದ ಬಂದರೆ ನಾನೂ ಕೇಳದವಳ ಹಾಗೆ ಇರುತ್ತೇನೆ. ಪಕ್ಕದ ಮನೆಯವರನ್ನು ಮತ್ತೆ ಕರೆದು ಕೂರಿಸಬೇಕೋ ಬೇಡವೋ ಎಂದು ಡೈರಿಗೆ ಹೊರಡುವಾಗ ದಿನವೂ ಯೋಚಿಸುತ್ತೇನೆ. ಕೆಲವು ದಿನ ಕರೆಯುತ್ತೇನೆ.

ಮೊನ್ನೆ ಹಾಸನದ ಮಾರಾಟದವನು ಫೋನು ಮಾಡಿದ. ಗಾಡಿ ಹೇಗಿದೆ, ಸರ್ವೀಸಿಗೆ ಯಾವಾಗ ಬರಲಿ ಎಂದು ವಿಚಾರಿಸಲು. ನಾನು ಫೋನು ಹಿಡಿದುಕೊಂಡೇ ಜಗಲಿಗೆ ಬಂದೆ. ಯಜಮಾನರು ಕಿವಿಗೆ ಇಡು ಎಂದು ಸನ್ನೆ ಮಾಡಿದರು. ಇಟ್ಟೆ.

"ಗಾಡಿ ಚೆನ್ನಾಗೈತೆ ಕಣಪ್ಪ" ಎಂದರು. "ಸ್ಟೇರಿಂಗು ಬೆಣ್ಣೆ ಬೆಣ್ಣೆ. ಹತ್ತದುಕ್ಕೂ ಯಾರೂ ಬೇಕಾಗಲ್ಲ." ಅವನು ಏನೋ ಹೇಳಿದ, ಹೂಂ ಹೂಂ ಅಂದರು. ಮುಗಿಯಿತು ಎಂದು ನಾನು ಫೋನು ತೆಗೆಯಲು ಹೋದೆ. ಅವರು ತಲೆಯನ್ನು ಫೋನಿಗೆ ಒತ್ತಿ ಹಿಡಿದರು.

"ಆ ಇನ್ನೊಂದು ಇತ್ತಲ್ಲ, ಅಗಲದ್ದು" ಎಂದು ಕೇಳಿದರು. "ಅದುನ್ನ ಯಾರ್ ತಗಂಡ್ರು?"